ನೋನೊ ಮೌನಕ್ಕೆ ಶರಣಾದನೇ?

ಮೊದಲ ಬಾರಿ ಆ ಕೃತಿಯನ್ನು ಕೇಳಲು ಕುಳಿತಾಗ ಯಂತ್ರವೇ ಕೆಟ್ಟಿದೆಯೆಂದು ಭಾವಿಸಿ ಧ್ವನಿಯನ್ನು ಏರಿಸಿದ್ದೆ. ಎರಡು ಪಿಟೀಲು, ಒಂದು ವಿಯೊಲಾ, ಒಂದು ಚೆಲ್ಲೊ. ಕೇಳಿಯೂ ಕೇಳದಂತಹ ಒಂದೆರಡು ಸ್ವರ, ಬಳಿಕ ದೀರ್ಘ ವಿರಾಮ. ಇಟಲಿಯ ಲುಯಿಜಿ ನೋನೊ 1979-80ರಲ್ಲಿ ರಚಿಸಿದ ಈ ಕೃತಿಯ ಜರ್ಮನ್ ಹೆಸರಿನ ಅರ್ಥ: ತುಣುಕುಗಳು, ಮೌನ, ಡಿಯೊಟಿಮಾಳಿಗೆ. ಸ್ವರಲಿಪಿಯ ಉದ್ದಕ್ಕೂ ಕವಿ ಹೋಲ್ಡರ್ಲಿನ್‌ನ ಸಾಲುಗಳ ಚೂರುಗಳಿವೆ. ಆದರೆ ಅವನ್ನು ಯಾರೂ ಗಟ್ಟಿಯಾಗಿ ಓದುವಂತಿಲ್ಲ. ವಾದಕರು ಒಳಗೊಳಗೇ ಹಾಡಿಕೊಳ್ಳಬೇಕು.

ನಾನು ಬಲ್ಲ ನೋನೊ ಬೇರೆಯವನಾಗಿದ್ದ. 1924ರಲ್ಲಿ ವೆನಿಸ್‌ನಲ್ಲಿ ಹುಟ್ಟಿ, ಪಾದುವಾದಲ್ಲಿ ಕಾನೂನು ಓದಿ, ಬ್ರೂನೊ ಮದೆರ್ನಾ ಮತ್ತು ಹೆರ್ಮನ್ ಶೆರ್ಷೆನ್ ಅವರ ಬಳಿ ಸಂಗೀತ ಕಲಿತವನು. 1952ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದ. 1955ರಲ್ಲಿ ಷೋನ್‌ಬರ್ಗ್‌ನ ಮಗಳು ನೂರಿಯಾಳನ್ನು ವರಿಸಿದ. 1961ರಲ್ಲಿ ವೆನಿಸ್‌ನಲ್ಲಿ ವಲಸೆ ಕಾರ್ಮಿಕನೊಬ್ಬನ ಪಾಡನ್ನು ರಂಗಕ್ಕೆ ತಂದಾಗ ಬಲಪಂಥೀಯರು ಗದ್ದಲವೆಬ್ಬಿಸಿದರು. 1964ರಲ್ಲಿ ಜಿನೋವಾದ ಉಕ್ಕಿನ ಕಾರ್ಖಾನೆಯ ಸದ್ದನ್ನೇ ಧ್ವನಿಮುದ್ರಿಸಿ ಸಂಗೀತವಾಗಿಸಿದ.

ಇಂತಹವನು ಪ್ರೇಮಕವಿತೆಯ ಚೂರುಗಳನ್ನು ಹಿಡಿದು ಮೌನಕ್ಕಿಳಿದಾಗ ಹಲವರು ಬೆರಗಾದರು. ಹೋರಾಟವನ್ನು ಕೈಬಿಟ್ಟನೆಂದು ಶಂಕಿಸಿದವರೂ ಉಂಟು. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆ.

ನನ್ನ ಎಣಿಕೆಯನ್ನು ಅಲುಗಿಸಿದ್ದು ಆತನ 1956ರ ‘ಇಲ್ ಕಾಂತೊ ಸೊಸ್ಪೆಸೊ’. ನಾಜಿ ಹಿಡಿತದ ಯುರೋಪಿನಲ್ಲಿ ಮರಣದಂಡನೆಗೆ ಗುರಿಯಾದ ಪ್ರತಿರೋಧಗಾರರು ಮನೆಯವರಿಗೆ ಬರೆದ ಕೊನೆಯ ಪತ್ರಗಳೇ ಅದರ ಪಠ್ಯ. ಬೇರೆಯವರಾಗಿದ್ದರೆ ಒಂದೊಂದು ಮಾತೂ ಎದೆಗೆ ನಾಟುವಂತೆ ಹಾಡಿಸುತ್ತಿದ್ದರು. ನೋನೊ ಹಲವೆಡೆ ಪದಗಳನ್ನು ಅಕ್ಷರಗಳಾಗಿ ಒಡೆದು ಕಂಠದಿಂದ ಕಂಠಕ್ಕೆ ಹಂಚಿಬಿಟ್ಟ. ಅರ್ಥವನ್ನೇ ಮರೆಮಾಡಿದನೆಂದು ಸ್ಟಾಕ್‌ಹೌಸೆನ್ ವಾದಿಸಿದ. ಅರ್ಥವು ಸಂಗೀತವೇ ಆಗಿದೆಯೆಂಬುದು ನೋನೊನ ನಿಲುವು. ಸಾಯಲಿದ್ದವರ ಮಾತನ್ನು ಘೋಷಣೆಯಾಗಿಸಲು ಆತ ಆಗಲೇ ಒಪ್ಪಿರಲಿಲ್ಲ. 1980ರ ಮೌನ ಅಲ್ಲಿಂದಲೇ ಹರಿದುಬಂದದ್ದು ಎಂದು ಈಗ ನನಗನ್ನಿಸುತ್ತದೆ. ವಾದಕರು ಗಟ್ಟಿಯಾಗಿ ನುಡಿಯದಿದ್ದರೆ ಕೇಳುಗನು ಹೆಚ್ಚು ಎಚ್ಚರದಿಂದ ಕಿವಿಗೊಡಲೇಬೇಕು. ಇದು ಸುಲಭದ ಬೇಡಿಕೆಯಲ್ಲ. ನನ್ನ ಗೆಳೆಯರಲ್ಲಿ ಹತ್ತು ನಿಮಿಷ ದಾಟಿದವರು ವಿರಳ.

ಬಾನ್ ನಗರದ ಬೇಥೋವನ್ ಉತ್ಸವಕ್ಕಾಗಿ ಬರೆದ ಈ ಕೃತಿಯನ್ನು 1980ರ ಜೂನ್ 2ರಂದು ಲಾಸಾಲ್ ಬಳಗ ಮೊದಲು ನುಡಿಸಿತು. ಬಳಿಕ 1984ರಲ್ಲಿ ನೋನೊ ವೆನಿಸ್‌ನ ಹಳೆಯ ಚರ್ಚೊಂದರಲ್ಲಿ ‘ಪ್ರೊಮೆತೆಯೊ’ವನ್ನು ಪ್ರಸ್ತುತಪಡಿಸಿದ. 1990ರ ಮೇ 8ರಂದು ಹುಟ್ಟೂರಿನಲ್ಲೇ ತೀರಿಕೊಂಡ. ಸಮಾಧಿ ಸಾನ್ ಮಿಕೆಲೆ ದ್ವೀಪದಲ್ಲಿದೆ.

ಕಳೆದ ವಾರ ಆ ಕೃತಿಯನ್ನು ಮತ್ತೆ ಕೇಳಿದೆ, ಧ್ವನಿಯನ್ನು ಏರಿಸಲಿಲ್ಲ. ಕೊನೆಯ ಹೊತ್ತಿಗೆ ವಿಯೊಲಾ 15ನೇ ಶತಮಾನದ ದುಃಖದ ಹಾಡೊಂದನ್ನು ಎತ್ತಿಕೊಂಡಾಗ ಬೀದಿಯಲ್ಲಿ ಲಾರಿಯೊಂದು ಹಾದುಹೋಯಿತು. ಅದು ಮರೆಯಾಗುವವರೆಗೆ ಕಾದು, ಆ ಭಾಗವನ್ನು ಇನ್ನೊಮ್ಮೆ ಹಾಕಿದೆ.