ತಪ್ಪೊಪ್ಪಿಕೊಂಡ ಪರೀಕ್ಷಕ

ಅಮೆರಿಕದ ಕಾಲೇಜುಗಳಿಗೆ ಸೇರಬಯಸುವ ಮಕ್ಕಳು ಬರೆಯುವ ಎಸ್.ಎ.ಟಿ. ಪರೀಕ್ಷೆಯ ಹೆಸರನ್ನು ನಮ್ಮ ಓದುಗರಲ್ಲಿ ಹಲವರು ಕೇಳಿರಬಹುದು. ಅದನ್ನು ರೂಪಿಸಿದವರು ಕಾರ್ಲ್ ಬ್ರಿಗಮ್. 1890ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಮಾರ್ಲ್‌ಬರೋದಲ್ಲಿ ಹುಟ್ಟಿ, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿ, ಮುಂದೆ ಅಲ್ಲಿಯೇ ಅಧ್ಯಾಪಕರಾದವರು.

ಒಂದನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕೆ ಸೇರಿದ ಸುಮಾರು 17 ಲಕ್ಷ ಮಂದಿಗೆ ಬುದ್ಧಿಪರೀಕ್ಷೆ ನಡೆದಿತ್ತು. ಬ್ರಿಗಮರೂ ಆ ಕೆಲಸದಲ್ಲಿ ಕೈಜೋಡಿಸಿದ್ದರು. ಆ ಅಂಕಗಳನ್ನು ಮುಂದಿಟ್ಟುಕೊಂಡು 1923ರಲ್ಲಿ ಒಂದು ಪುಸ್ತಕ ಬರೆದರು. ಉತ್ತರ ಯೂರೋಪಿನವರು ಬುದ್ಧಿವಂತರು, ದಕ್ಷಿಣ ಮತ್ತು ಪೂರ್ವ ಯೂರೋಪಿನಿಂದ ವಲಸೆ ಬಂದವರು ಮಂದರು, ಇದು ಹುಟ್ಟುಗುಣ ಎಂಬುದೇ ಅದರ ಸಾರ. ಆದರೆ ಅದೇ ಪುಸ್ತಕದ ಲೆಕ್ಕದಲ್ಲಿ ಬೇರೊಂದು ಸಂಗತಿಯೂ ಇತ್ತು. ವಲಸಿಗರು ಅಮೆರಿಕದಲ್ಲಿ ಕಳೆದ ವರ್ಷಗಳು ಹೆಚ್ಚಿದಂತೆ ಅಂಕವೂ ಹೆಚ್ಚುತ್ತಿತ್ತು. ಇಪ್ಪತ್ತು ವರ್ಷ ದಾಟಿದವರು ಅಲ್ಲಿ ಹುಟ್ಟಿದವರಿಗೆ ಹೆಚ್ಚುಕಡಿಮೆ ಸಮನಾಗಿದ್ದರು. ಭಾಷೆ ಬಂತು, ಅಂಕವೂ ಬಂತು. ಹಳ್ಳಿಶಾಲೆಯ ಮೇಷ್ಟರಿಗೂ ಹೊಳೆಯುವ ಮಾತಿದು, ಬ್ರಿಗಮರಿಗೆ ಹೊಳೆಯಲಿಲ್ಲ. ಈಚೆಗೆ ಬರುತ್ತಿರುವವರೇ ಕೀಳು ತಳಿಯವರು ಎಂದು ಅರ್ಥಮಾಡಿದರು. 1924ರಲ್ಲಿ ಆ ನಾಡುಗಳವರ ವಲಸೆಯನ್ನು ತೀರಾ ಕಡಿತಗೊಳಿಸುವ ಕಾನೂನು ಬಂದಿತು.

1926ರ ಜೂನ್ 23ರಂದು ಎಸ್.ಎ.ಟಿ. ಮೊದಲ ಬಾರಿಗೆ ನಡೆಯಿತು. ಬರೆದವರು ಎಂಟು ಸಾವಿರಕ್ಕೂ ಮಿಕ್ಕಿ. 97 ನಿಮಿಷಕ್ಕೆ 315 ಪ್ರಶ್ನೆಗಳು. ಲೆಕ್ಕ, ವಿರುದ್ಧಪದ, ಸಾಲದುದಕ್ಕೆ ಯಾರೂ ಆಡದ ಒಂದು ಕೃತಕ ಭಾಷೆ ಬೇರೆ!

ಬ್ರಿಗಮರ ದೊಡ್ಡತನ ಕಂಡದ್ದು 1930ರಲ್ಲಿ. ಬೇರೆ ಭಾಷೆಯ ಮನೆಯಲ್ಲಿ ಬೆಳೆದವರನ್ನು ಇಂಗ್ಲಿಷ್ ಪರೀಕ್ಷೆಯಿಂದ ಅಳೆದು ಹೋಲಿಸುವುದು ಸಲ್ಲದು, ತಮ್ಮ ಪುಸ್ತಕಕ್ಕೇ ಬುಡವಿಲ್ಲ ಎಂದು ಅವರು ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಅಚ್ಚುಹಾಕಿಸಿದರು. ಮೌಲ್ಯಮಾಪನದಲ್ಲಿ ಒಂದಂಕ ತಿದ್ದುವಾಗಲೂ ನಾವು ಪಡುವ ಸಂಕೋಚ ನಮಗೆ ಗೊತ್ತು. ಮನೆಯಲ್ಲೊಂದು, ಅಂಗಡಿಯಲ್ಲೊಂದು, ಪ್ರಶ್ನೆಪತ್ರಿಕೆಯಲ್ಲಿ ಇನ್ನೊಂದು ಭಾಷೆ ಕಾಣುವ ಮಕ್ಕಳಿಗೆ ಪಾಠ ಹೇಳುವ ನಮಗೆ ಅವರ ಮಾತು ದೂರದ್ದೆನಿಸುವುದಿಲ್ಲ. ಅಂಕವೆಂಬುದು ಹುಟ್ಟುಬುದ್ಧಿಯಲ್ಲ, ಶಾಲೆ, ಮನೆ, ಇಂಗ್ಲಿಷಿನ ಬಳಕೆ ಎಲ್ಲವೂ ಅದರಲ್ಲಿ ಸೇರಿದೆ ಎಂದೂ ಅವರು ಮುಂದೆ ಬರೆದರು. ವಲಸೆಯ ಕಾನೂನು ಮಾತ್ರ 1965ರ ತನಕ ಕದಲಲಿಲ್ಲ.

ಪರೀಕ್ಷೆಗಳನ್ನೆಲ್ಲ ಒಂದೇ ದೊಡ್ಡ ಸಂಸ್ಥೆಗೆ ಒಪ್ಪಿಸುವ ಯೋಜನೆಯನ್ನು ಬ್ರಿಗಮ್ ಬಲವಾಗಿ ವಿರೋಧಿಸಿದರು. ಪರೀಕ್ಷೆ ಮಾರುವವರು ಅದರ ದೋಷ ಹುಡುಕಲಾರರೆಂಬ ಭಯ ಅವರಿಗಿತ್ತು. ಅವರಿರುವಷ್ಟು ಕಾಲ ಅದು ನಡೆಯಲಿಲ್ಲ. 1943ರ ಜನವರಿಯಲ್ಲಿ, 52ನೆಯ ವಯಸ್ಸಿನಲ್ಲಿ ತೀರಿಕೊಂಡರು. 1947ರಲ್ಲಿ ಆ ಸಂಸ್ಥೆ ಸ್ಥಾಪನೆಯಾಯಿತು, ಅದೂ ಅವರ ಪ್ರಿನ್ಸ್‌ಟನ್ನಿನಲ್ಲಿಯೇ.