ಯಾನ್ ಇಂಗೆನ್‌ಹೌಸ್

ಯಾನ್ ಇಂಗೆನ್‌ಹೌಸ್ (8 ಡಿಸೆಂಬರ್ 1730 – 7 ಸೆಪ್ಟೆಂಬರ್ 1799) ನೆದರ್ಲೆಂಡ್ಸ್ ದೇಶದ ವೈದ್ಯ ಮತ್ತು ವಿಜ್ಞಾನಿ. ಸಸ್ಯಗಳ ಹಸಿರು ಭಾಗಗಳು ಆಮ್ಲಜನಕವನ್ನು ಹೊರಸೂಸಲು ಸೂರ್ಯನ ಬೆಳಕು ಅವಶ್ಯಕವೆಂಬುದನ್ನು ಪ್ರಯೋಗಗಳ ಮೂಲಕ ಸ್ಥಾಪಿಸಿದವನು ಈತ. ದ್ಯುತಿಸಂಶ್ಲೇಷಣೆಯನ್ನು ಕುರಿತ ಇಂದಿನ ತಿಳಿವಳಿಕೆಗೆ ಈ ಶೋಧವು ತಳಹದಿಯಾಯಿತು.

ವೈದ್ಯವೃತ್ತಿ

ಬ್ರೆಡಾ ನಗರದಲ್ಲಿ ಜನಿಸಿದ ಈತ ಲೂವೆನ್ ವಿಶ್ವವಿದ್ಯಾಲಯದಿಂದ 1753ರಲ್ಲಿ ವೈದ್ಯಪದವಿ ಪಡೆದ. ಕೆಲಕಾಲ ಊರಿನಲ್ಲಿಯೇ ವೈದ್ಯನಾಗಿದ್ದು, ಅನಂತರ ಲಂಡನ್ನಿಗೆ ತೆರಳಿದ. ಸಿಡುಬು ರೋಗಿಯ ಗುಳ್ಳೆಯ ಕೀವನ್ನು ಆರೋಗ್ಯವಂತರ ಚರ್ಮಕ್ಕೆ ಚುಚ್ಚಿ, ರೋಗವನ್ನು ಸೌಮ್ಯವಾಗಿ ಬರಿಸಿ, ಮುಂದೆ ಅದು ತಗಲದಂತೆ ಮಾಡುವ ವಿಧಾನದಲ್ಲಿ ಅಲ್ಲಿ ಪರಿಣತನಾದ. ಎಡ್ವರ್ಡ್ ಜೆನ್ನರನ ಲಸಿಕೆ ಬರಲು ಇನ್ನೂ ಸುಮಾರು ಮೂರು ದಶಕಗಳಿದ್ದವು. ಈ ಹಳೆಯ ವಿಧಾನದಲ್ಲಿ ಪ್ರಾಣಾಪಾಯದ ಸಂಭವವೂ ಇತ್ತು. ಸಿಡುಬಿನಿಂದ ತತ್ತರಿಸಿದ್ದ ಆಸ್ಟ್ರಿಯದ ರಾಜಮನೆತನವು 1768ರಲ್ಲಿ ಈತನನ್ನು ವಿಯೆನ್ನಾಕ್ಕೆ ಕರೆಸಿಕೊಂಡಿತು. ಚಿಕಿತ್ಸೆ ಫಲಿಸಿತು. ರಾಣಿ ಮಾರಿಯಾ ಥೆರೇಸಾ ಈತನನ್ನು ಆಸ್ಥಾನವೈದ್ಯನನ್ನಾಗಿ ನೇಮಿಸಿ ಜೀವಮಾನದ ವೇತನವನ್ನು ಗೊತ್ತುಪಡಿಸಿದಳು. ಮುಂದಿನ ಪ್ರಯೋಗಗಳಿಗೆ ಬೇಕಾದ ಬಿಡುವನ್ನು ಒದಗಿಸಿದುದು ಈ ವೇತನವೇ ಎನ್ನಬಹುದು.

1779ರ ಪ್ರಯೋಗಗಳು

ಮೇಣದಬತ್ತಿ ಉರಿದು ಕೆಟ್ಟ ಗಾಳಿಯನ್ನು ಪುದೀನ ಗಿಡವು ಮತ್ತೆ ಉಸಿರಾಟಕ್ಕೆ ಯೋಗ್ಯವಾಗಿಸುವುದನ್ನು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1771ರಲ್ಲಿ ಕಂಡಿದ್ದ. ಆದರೆ ಈ ಪ್ರಯೋಗ ಒಮ್ಮೆ ಫಲಿಸಿದರೆ ಮತ್ತೊಮ್ಮೆ ವಿಫಲವಾಗುತ್ತಿತ್ತು. ಕಾರಣ ಅವನಿಗೆ ಹೊಳೆದಿರಲಿಲ್ಲ.

1779ರ ಬೇಸಗೆಯಲ್ಲಿ ಇಂಗೆನ್‌ಹೌಸ್ ಲಂಡನ್ನಿನ ಸಮೀಪದ ಹಳ್ಳಿಯೊಂದರಲ್ಲಿ ತಂಗಿ, ಸುಮಾರು ಮೂರು ತಿಂಗಳಲ್ಲಿ 500ಕ್ಕೂ ಹೆಚ್ಚು ಪ್ರಯೋಗಗಳನ್ನು ನಡೆಸಿದ. ನೀರು ತುಂಬಿ ಬೋರಲು ಹಾಕಿದ ಗಾಜಿನ ಪಾತ್ರೆಯಲ್ಲಿ ಎಲೆಗಳನ್ನಿರಿಸಿ ಬಿಸಿಲಿಗಿಟ್ಟಾಗ ಎಲೆಗಳ ಮೇಲೆ ಗುಳ್ಳೆಗಳೆದ್ದವು. ಕತ್ತಲಿಗೆ ಒಯ್ದರೆ ನಿಂತವು. ಸಂಗ್ರಹವಾದ ಅನಿಲದಲ್ಲಿ ಮೇಣದಬತ್ತಿ ಪ್ರಖರವಾಗಿ ಉರಿಯಿತು. ಇದು ಬಿಸಿಲಿನ ಬೆಳಕಿನ ಪರಿಣಾಮವೋ ಶಾಖದ ಪರಿಣಾಮವೋ ಎಂಬ ಸಂದೇಹ ಸಹಜವಾಗಿತ್ತು. ಬೆಳಕಿಲ್ಲದೆ ಬರಿಯ ಬೆಚ್ಚನೆಯ ಶಾಖವನ್ನು ಕೊಟ್ಟು ನೋಡಿದಾಗ ಅಂತಹ ಅನಿಲ ಹೊರಬರಲಿಲ್ಲ. ಬೆಳಕೇ ಕಾರಣವೆಂದು ಈತ ನಿರ್ಣಯಿಸಿದ. ಎಲೆ ಮತ್ತು ಹಸಿರು ಕಾಂಡಗಳಿಗೆ ಮಾತ್ರ ಈ ಸಾಮರ್ಥ್ಯವಿದೆ, ಬೇರು ಹೂಗಳಿಗೆ ಇಲ್ಲ; ರಾತ್ರಿಯಲ್ಲಿ ಇಡೀ ಗಿಡವು ಗಾಳಿಯನ್ನು ಸ್ವಲ್ಪಮಟ್ಟಿಗೆ ಕೆಡಿಸುತ್ತದೆ ಎಂಬುದನ್ನೂ ಕಂಡುಕೊಂಡ. ಹಗಲಿನ ಉಪಕಾರದ ಮುಂದೆ ರಾತ್ರಿಯ ಹಾನಿ ಅತ್ಯಲ್ಪವೆಂದು ಈತನೇ ಹೇಳಿದ್ದನಾದರೂ, ಅದೇ ವರ್ಷ ಪ್ರಕಟವಾದ ಗ್ರಂಥದ ಶೀರ್ಷಿಕೆಯಲ್ಲಿಯೇ ಆ ಹಾನಿಯ ಉಲ್ಲೇಖವಿತ್ತು.

ಶ್ರೇಯಸ್ಸಿನ ವಿವಾದ

ಪ್ರೀಸ್ಟ್ಲಿಯೂ ಬೆಳಕಿನ ಪಾತ್ರವನ್ನು ಗುರುತಿಸತೊಡಗಿದ್ದರಿಂದ ಶೋಧದ ಶ್ರೇಯಸ್ಸು ಯಾರದೆಂಬ ಬಗ್ಗೆ ಇಬ್ಬರಲ್ಲಿಯೂ ಮನಸ್ತಾಪ ಉಂಟಾಯಿತು. ಪುದೀನದ ಪ್ರಯೋಗವಿಲ್ಲದೆ ಇಂಗೆನ್‌ಹೌಸನ ಕಾರ್ಯ ಆರಂಭವಾಗುತ್ತಿರಲಿಲ್ಲವೆಂಬುದು ನಿಜ. ಆದರೆ ಬೆಳಕು, ಶಾಖ ಮತ್ತು ಸಸ್ಯಭಾಗಗಳನ್ನು ಬೇರ್ಪಡಿಸಿ ಕ್ರಮವಾಗಿ ಪರೀಕ್ಷಿಸಿದವನು ಇವನೇ. ಜಿನೀವಾದ ಜ್ಯಾಂ ಸೆನೆಬಿಯೆ ಇಂಗಾಲದ ಡೈಆಕ್ಸೈಡಿನ ಅಗತ್ಯವನ್ನು 1782ರಲ್ಲಿ ತೋರಿಸಿದಾಗ ಇಂಗೆನ್‌ಹೌಸ್ ಒಪ್ಪಲಿಲ್ಲ. 1796ರ ಪ್ರಬಂಧದಲ್ಲಿ, ಸಸ್ಯಗಳಿಗೆ ಇಂಗಾಲ ದೊರೆಯುವುದು ಆ ಅನಿಲದಿಂದಲೇ ಎಂದು ಸ್ವೀಕರಿಸಿದ.

ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದ ಬೋವುಡ್‌ನಲ್ಲಿ ಈತ ನಿಧನನಾದ.

ನಂತರದ ಬೆಳವಣಿಗೆ

ಈ ಕ್ರಿಯೆಯಲ್ಲಿ ನೀರೂ ಭಾಗವಹಿಸುತ್ತದೆಂದು ನಿಕೊಲಾ ದ ಸೊಸ್ಯೂರ್ 1804ರಲ್ಲಿ ತೋರಿಸಿದ. ಬೆಳಕಿನ ಶಕ್ತಿಯು ಸಸ್ಯದಲ್ಲಿ ರಾಸಾಯನಿಕ ಶಕ್ತಿಯಾಗಿ ಸಂಗ್ರಹಗೊಳ್ಳುತ್ತದೆಂಬ ವಿವರಣೆಯನ್ನು ಜರ್ಮನಿಯ ವೈದ್ಯ ಯೂಲಿಯಸ್ ರಾಬರ್ಟ್ ಮೇಯರ್ 1845ರಲ್ಲಿ ನೀಡಿದ. ಎಲೆಗಳ ಮೇಲೆ ಕಂಡ ಗುಳ್ಳೆಗಳ ಆಮ್ಲಜನಕವು ಬೆಳಕಿನ ನೆರವಿನಿಂದ ಒಡೆದ ನೀರಿನಿಂದ ಬಂದುದೆಂಬುದು ಖಚಿತವಾದದ್ದು 20ನೆಯ ಶತಮಾನದಲ್ಲಿ.