ವಚನೋದ್ಧಾರಕ ಹಳಕಟ್ಟಿಯವರು

ವಕೀಲಿಯನ್ನು ಕೈಕೊಂಡು ಧನಸಂಪಾದನೆ ಮಾಡಿದವರು ನಾಡಿನಲ್ಲಿ ಅನೇಕರುಂಟು. ಆದರೆ ಸಂಪಾದಿಸಿದ ಧನವನ್ನು ಪ್ರಾಚೀನ ಓಲೆಗರಿಗಳ ಉದ್ಧಾರಕ್ಕಾಗಿ ವ್ಯಯಮಾಡಿ, ಕಡೆಗೆ ವಾಸದ ಮನೆಯನ್ನೂ ಮಾರಿದವರು ತೀರ ವಿರಳರು. ಅಂತಹ ವಿರಳರಲ್ಲಿ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಅಗ್ರಗಣ್ಯರು.

ಇವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನ್ಮವೆತ್ತಿದರು. ತಂದೆ ಗುರುಬಸಪ್ಪನವರು ಶಿಕ್ಷಕರೂ ಲೇಖಕರೂ ಆಗಿದ್ದುದರಿಂದ ಸಾಹಿತ್ಯಾಭಿರುಚಿಯು ಬಾಲ್ಯದಲ್ಲಿಯೇ ಅಂಕುರಿಸಿತು. ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ವ್ಯಾಸಂಗಮಾಡುತ್ತಿದ್ದಾಗ ಮರಾಠಿಗರ, ಗುಜರಾತಿಗಳ ಸ್ವಭಾಷಾಭಿಮಾನವನ್ನು ಕಂಡು, ಕನ್ನಡದ ಹೀನಸ್ಥಿತಿಗಾಗಿ ಮರುಗಿದರು. 1904ರಲ್ಲಿ ಕಾಯದೆಯ ಪದವಿಯನ್ನು ಪಡೆದು, ಕೆಲಕಾಲ ಬೆಳಗಾವಿಯಲ್ಲಿ ವಕೀಲಿ ಮಾಡಿ, ಬಳಿಕ ವಿಜಾಪುರದಲ್ಲಿ ನೆಲೆಸಿದರು. ಅಲ್ಲಿ ಸರಕಾರಿ ವಕೀಲರಾಗಿಯೂ ಕೀರ್ತಿಯನ್ನು ಗಳಿಸಿದರು.

ಬರಗಾಲಕ್ಕೆ ಪದೇಪದೇ ತುತ್ತಾಗುತ್ತಿದ್ದ ಆ ಜಿಲ್ಲೆಯಲ್ಲಿ ವಿದ್ಯೆಗೂ ಬಂಡವಲಿಗೂ ಅಭಾವವಿದ್ದಿತು. ಇದನ್ನು ಮನಗಂಡು 1910ರಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನೂ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಸ್ಥಾಪಿಸುವುದರಲ್ಲಿ ಮುಂದಾಳುಗಳಾದರು. ಮುಂಬಯಿ ಶಾಸನಸಭೆಯ ಸದಸ್ಯರಾಗಿಯೂ ಜನಸೇವೆಗೈದರು. ಆದರೆ ಅವರ ಹೆಸರನ್ನು ಚಿರಸ್ಥಾಯಿಗೊಳಿಸಿದುದು ವಚನಸಾಹಿತ್ಯದ ಸಂಶೋಧನೆಯೇ ಸರಿ.

ಆ ಕಾಲದಲ್ಲಿ ಶರಣರ ವಚನಗಳ ಕಟ್ಟುಗಳು ಮಠಗಳ ಗೂಡುಗಳಲ್ಲಿಯೂ ಮನೆಗಳ ಜಗಲಿಗಳ ಮೇಲೆಯೂ ಪೂಜೆಗೊಳ್ಳುತ್ತಿದ್ದುವು. ಓದುವವರು ಮಾತ್ರ ವಿರಳರಾಗಿದ್ದರು. ವಿಭೂತಿ ಪತ್ರಿಗಳ ಕೆಳಗೆ ಗರಿಗಳು ಹುಳುಹಿಡಿದು ಪುಡಿಯಾಗುತ್ತಿದ್ದುವು. ಹಳಕಟ್ಟಿಯವರು ಊರೂರು ಅಲೆದು, ಕೊಡಲೊಲ್ಲದವರನ್ನು ಒಲಿಸಿ, ಪ್ರತಿಗಳನ್ನು ಸಂಗ್ರಹಿಸಿ, ಪಾಠಗಳನ್ನು ಹೋಲಿಸಿ, ವಿಷಯಾನುಸಾರವಾಗಿ ವಿಂಗಡಿಸಿದರು. ನ್ಯಾಯಾಲಯದಲ್ಲಿ ಸಾಕ್ಷ್ಯವನ್ನು ತೂಗಿನೋಡುವ ಶಿಸ್ತು ಇಲ್ಲಿಯೂ ಅವರಿಗೆ ನೆರವಾಯಿತು. ಮಂಗಳೂರಿನ ಮುದ್ರಣಾಲಯವೊಂದಕ್ಕೆ ಕಳುಹಿದ ಹಸ್ತಪ್ರತಿಯು ಅಚ್ಚಾಗದೆ ಹಿಂದಿರುಗಿದರೂ ಎದೆಗುಂದಲಿಲ್ಲ. 1923ರಲ್ಲಿ ಬೆಳಗಾವಿಯಲ್ಲಿ 'ವಚನಶಾಸ್ತ್ರಸಾರ'ದ ಪ್ರಥಮ ಭಾಗವು ಬೆಳಕು ಕಂಡಿತು.

ಪರರ ಮುದ್ರಣಾಲಯವನ್ನು ನೆಚ್ಚಿದರೆ ಕಾರ್ಯ ಸಾಗದೆಂದರಿತು, 1925ರಲ್ಲಿ ಮನೆಯನ್ನು ಮಾರಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮರುವರ್ಷ 'ಶಿವಾನುಭವ' ಪತ್ರಿಕೆಯೂ, 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆಯೂ ಹೊರಟುವು. ಬಸವಣ್ಣ, ಅಲ್ಲಮಪ್ರಭು, ಅಕ್ಕಮಹಾದೇವಿಯರೊಡನೆ ಅಂಬಿಗರ ಚೌಡಯ್ಯನಂತಹ ಕಾಯಕಜೀವಿಗಳ ನುಡಿಯೂ ಅಚ್ಚಿನಲ್ಲಿ ಜನರ ಕೈಸೇರಿತು. ಹರಿಹರನ ರಗಳೆಗಳೂ ಹೊರಬಂದುವು. ಸಂಪಾದಕ, ಕರಡು ತಿದ್ದುವವ, ಪ್ರಕಾಶಕ ಎಲ್ಲವೂ ತಾವೇ ಆಗಿ ದುಡಿದರು. ಗ್ರಂಥಗಳು ಬೆಳೆದಂತೆ ಸಂಸಾರದ ಅಡಚಣೆಗಳೂ ಬೆಳೆದುವು. ಆದರೂ ಹಿಡಿದ ಕಾರ್ಯವನ್ನು ಬಿಡಲಿಲ್ಲ.

1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷ ಪೀಠವೂ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಪದವಿಯೂ ಅವರನ್ನರಸಿ ಬಂದುವು. 1964ನೆಯ ಇಸವಿ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಮುಂದಿನ ವಿದ್ವಾಂಸರು ಇನ್ನೂ ಹೆಚ್ಚಿನ ಪ್ರತಿಗಳನ್ನು ಪರಿಶೀಲಿಸಿ ಅನೇಕ ಪಾಠಗಳನ್ನು ತಿದ್ದಿರುವರು. 1993ರಲ್ಲಿ ರಾಜ್ಯ ಸರಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ಇದರಿಂದ ಹಳಕಟ್ಟಿಯವರ ಹಿರಿಮೆಗೆ ಕುಂದಿಲ್ಲ. ತಿದ್ದುವುದಕ್ಕೆ ಗ್ರಂಥವೊಂದು ಉಳಿದಿರಬೇಕಷ್ಟೆ. ಉಳಿಸಿದ ಪುಣ್ಯವು ಅವರದು. ಕಾಯಕವೆಂಬುದನ್ನು ಅವರು ಗ್ರಂಥದಲ್ಲಿ ಅಚ್ಚುಹಾಕಿಸಿದುದು ಮಾತ್ರವಲ್ಲ, ಬಾಳಿನಲ್ಲಿಯೂ ಆಚರಿಸಿ ತೋರಿದರು.